ತರಗತಿಗೆ ಕನ್ನಡ ಬ್ಲಾಗ್: 8 ಲ್ಯಾಪ್‌ಟಾಪ್, 46 ಮಕ್ಕಳು, ಹೆಂಗ ಹೊಂದಿಸೋದ್ರಿ?

ಶಿರಹಟ್ಟಿ ಅಕ್ಕಾರ

ಎಲ್ಲಾರಿಗೂ ನಮಸ್ಕಾರ್ರಿ. ಶಿರಹಟ್ಟಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಕನ್ನಡ ವಿಷಯ. 9ನೇ ತರಗತಿಯೊಳಗ 46 ಮಕ್ಕಳು. ಗೋಡೆಪತ್ರಿಕೆ ಮೊದಲಿಂದ ನಡ್ಕೊಂಡು ಬಂದೈತಿ, ಈ ವರ್ಷ ಅದನ್ನ ತರಗತಿ ಬ್ಲಾಗ್ ಮಾಡೋ ವಿಚಾರ. ಬರಿಯೋದಕ್ಕ ವಿಷಯದ ಬರ ಇಲ್ಲ: ಮಾಗಡಿ ಕೆರಿ ಬಾತು, ಕಪ್ಪತಗುಡ್ಡದ ಔಷಧಿ ಗಿಡ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಊರಾಗಿನ ಶೇಂಗಾ ರಾಶಿ. ತೊಡಕು ಇರೋದು ಬ್ಯಾರೆ ಕಡೆ.

ಲ್ಯಾಬಿನಾಗ ಚಾಲೂ ಇರೋ ಲ್ಯಾಪ್‌ಟಾಪ್ 8, ಎಲ್ಲಾ ಉಬುಂಟು (ವಿಂಡೋಸ್ ಬದಲಿಗೆ ಹಾಕೋ ಉಚಿತ ವ್ಯವಸ್ಥೆ). ಬ್ರಾಡ್‌ಬ್ಯಾಂಡ್ ಇಲ್ಲ, ಫೋನಿನ ಹಾಟ್‌ಸ್ಪಾಟ್ ಅಷ್ಟ. ವಾರಕ್ಕ 40 ನಿಮಿಷದ್ದು ಎರಡು ಪೀರಿಯಡ್ ಸಿಗತಾವ. ಪ್ರತಿ ಮಗುವಿಗೂ ಜಿಮೇಲ್ ಖಾತೆ ತೆಗಿಬೇಕೇನ್ರಿ, ಇಲ್ಲಾ ಒಂದರಾಗ ನಡೀತೈತಿ? ಹಳೇ ಸಂಚಿಕೆ ಎಲ್ಲಾ 'ನುಡಿ' ತಂತ್ರಾಂಶದೊಳಗ ಟೈಪ್ ಆಗ್ಯಾವ, ಬ್ಲಾಗಿಗೆ ಅಂಟಿಸಿದ್ರ ಅಕ್ಷರ ಪೂರ್ತಿ ಕಲಸುಮೇಲೋಗರ. ಮಕ್ಕಳ ಹೆಸರು, ಫೋಟೋ ಹಾಕೋದಕ್ಕ ಎಚ್.ಎಂ. ಸರ್ ಹಿಂದೇಟು ಹಾಕ್ತಾರ, ಅವರ ಅಂಜಿಕೀನೂ ಖರೇನ. ಮತ್ತ ಇಡೀ ಪೀರಿಯಡ್ ಟೈಪಿಂಗಿಗೇ ಹೋದ್ರ ಬರವಣಿಗಿ ಕಲಿಸೋದು ಯಾವಾಗ?

ಲ್ಯಾಬ್ ಕೀಲಿ, ಧಾರವಾಡ

ಅಕ್ಕಾರ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮಕ್ಕಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ 'ಬರೀರಿ' ಅನ್ನಬೇಡಿ. ಕನ್ನಡ ಟೈಪಿಂಗ್‌ಗೆ ಹೊಸಬರಾದವರು ನಿಮಿಷಕ್ಕೆ ಐದಾರು ಪದಕ್ಕಿಂತ ಮುಂದೆ ಹೋಗುವುದಿಲ್ಲ. ಕೀಲಿ ಹುಡುಕುವುದರಲ್ಲೇ ತಲೆ ತಿರುಗಿ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಕರಡು ಕಾಗದದ ಮೇಲೆ, ತಿದ್ದುಪಡಿ ಕಾಗದದ ಮೇಲೆ. ಟೈಪಿಂಗ್ ಎಲ್ಲಕ್ಕಿಂತ ಕೊನೆಗೆ. ಒಂದು ಬರಹಕ್ಕೆ 120 ಪದದ ಮಿತಿ ಹಾಕಿ. ಕಡಿಮೆ ಅನಿಸಬಹುದು, ಆದರೆ ಅದಕ್ಕಿಂತ ಉದ್ದ ಹೋದರೆ ತಿದ್ದುವ ಕೆಲಸ ಯಾರಿಗೂ ಮುಗಿಯುವುದಿಲ್ಲ.

ಹೊಂದಿಸುವುದು ಹೀಗೆ. 46 ಮಕ್ಕಳನ್ನು 8 ಗುಂಪು ಮಾಡಿ: ಆರು ಗುಂಪಿನಲ್ಲಿ ಆರಾರು, ಎರಡು ಗುಂಪಿನಲ್ಲಿ ಐದೈದು. ಎರಡು ವಾರಕ್ಕೆ ನಾಲ್ಕು ಪೀರಿಯಡ್. ಮೊದಲನೆಯದರಲ್ಲಿ ಲ್ಯಾಬ್ ಬಾಗಿಲೇ ತೆಗೆಯಬೇಡಿ, ಎಲ್ಲರೂ ಸೇರಿ ಗುಂಪಿಗೊಂದು ಕರಡು ಬರೆಯಲಿ. ಎರಡನೆಯದರಲ್ಲಿ ಗುಂಪುಗಳು ಕರಡು ಅದಲು ಬದಲು ಮಾಡಿಕೊಂಡು ಓದಿ, ಚೀಟಿಯಲ್ಲಿ ಪ್ರಶ್ನೆ ಬರೆದು ಹಿಂದಿರುಗಿಸಲಿ. ಮೂರನೆಯದಕ್ಕೆ ನಾಲ್ಕು ಗುಂಪು ಮಾತ್ರ ಲ್ಯಾಬಿಗೆ, ಗುಂಪಿಗೆ ಎರಡು ಲ್ಯಾಪ್‌ಟಾಪ್. ಬರಹದ ಮೊದಲರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. 60 ಪದ ಅಂದರೆ ಹನ್ನೆರಡು ನಿಮಿಷದ ಕೆಲಸ. ಲ್ಯಾಪ್‌ಟಾಪ್ ಚಾಲೂ ಮಾಡುವುದು, ಎರಡೂ ಅರ್ಧ ಪೆನ್‌ಡ್ರೈವ್‌ನಲ್ಲಿ ತಂದು ಜೋಡಿಸುವುದು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಪ್ಪು ಹಿಡಿಯುವುದು, ಎಲ್ಲ ಸೇರಿ 40 ನಿಮಿಷ ಸರಿಯಾಗುತ್ತದೆ. ಉಳಿದ ನಾಲ್ಕು ಗುಂಪು ಅದೇ ಹೊತ್ತಿನಲ್ಲಿ ತರಗತಿಯಲ್ಲಿ ಗೋಡೆಪತ್ರಿಕೆಯ ಪ್ರತಿ ಬರೆದು ಚಿತ್ರ ಹಾಕಲಿ. ನಾಲ್ಕನೆಯದರಲ್ಲಿ ಅವರು ಇಲ್ಲಿ, ಇವರು ಅಲ್ಲಿ. ಒಂದೇ ಲ್ಯಾಪ್‌ಟಾಪ್‌ಗೆ ಆರು ಮಕ್ಕಳನ್ನು ಕೂರಿಸಿದರೆ ಇಬ್ಬರು ಕೆಲಸ ಮಾಡುತ್ತಾರೆ, ನಾಲ್ವರು ಹರಟೆ ಹೊಡೆಯುತ್ತಾರೆ. ಕೀಲಿಮಣೆ ಪ್ರತಿ ಸಲವೂ ಚುರುಕು ಹುಡುಗನ ಕೈಗೇ ಹೋಗುತ್ತದೆ, ಸರದಿ ಪಟ್ಟಿ ಗೋಡೆಗೆ ಹಚ್ಚಿಡಿ.

ಖಾತೆ ಒಂದೇ ಸಾಕು, ಅದು ನಿಮ್ಮ ಸ್ವಂತ ಜಿಮೇಲ್ ಆಗಿರಬಾರದು. ಶಾಲೆಯ ಹೆಸರಿನಲ್ಲಿ ಹೊಸದು ತೆಗೆಯಿರಿ. ಗೂಗಲ್ ಖಾತೆಗೆ ನಮ್ಮಲ್ಲಿ ಕನಿಷ್ಠ ವಯಸ್ಸು 13. 9ನೇ ತರಗತಿಯವರು ಅದನ್ನು ದಾಟಿರುತ್ತಾರೆ ನಿಜ, ಆದರೆ ಖಾತೆ ತೆರೆಯುವಾಗ ಫೋನ್ ನಂಬರ್ ಕೇಳುತ್ತದೆ, ಒಂದೇ ನಂಬರಿನಲ್ಲಿ ಕೆಲವು ಖಾತೆ ಆದ ಮೇಲೆ ಗೂಗಲ್ ಆ ನಂಬರನ್ನೇ ಒಪ್ಪುವುದಿಲ್ಲ. ಮೇಲಾಗಿ 46 ಪಾಸ್‌ವರ್ಡ್ ಮರೆಯುವುದನ್ನು ಸಂಭಾಳಿಸುವವರು ಯಾರು? ಶಾಲೆಯ ಖಾತೆಯನ್ನು ಮಕ್ಕಳು ಬಳಸುವ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಲಾಗಿನ್ ಮಾಡಬೇಡಿ. ಬ್ಲಾಗರ್ (ಗೂಗಲ್‌ನ ಬ್ಲಾಗ್ ತಾಣ) ತೆರೆದರೆ ಅದೇ ಲಾಗಿನ್‌ನಲ್ಲಿ ಮೇಲ್, ಡ್ರೈವ್ ಎಲ್ಲ ತೆರೆದೇ ಇರುತ್ತದೆ. ಮಕ್ಕಳು ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಲಿ, ಪ್ರಕಟಣೆ ಶಿಕ್ಷಕರ ಕೊಠಡಿಯಿಂದ ಆಗಲಿ. ಹೀಗೆ ಮಾಡಿದರೆ ತರಗತಿ ನಡೆಯುವಾಗ ಇಂಟರ್ನೆಟ್ಟೇ ಬೇಕಿಲ್ಲ, ಹಾಟ್‌ಸ್ಪಾಟ್ ಚಿಂತೆಯೂ ಅಲ್ಲಿಗೆ ಮುಗಿಯಿತು.

ಪ್ರಕಟಿಸುವಾಗ ಎರಡು ಕಡೆ ಎಡವುವುದು ಹೆಚ್ಚು. ಲಿಬ್ರೆ ಆಫೀಸ್‌ನಿಂದ ನಕಲು ಮಾಡಿ ಹಾಗೇ ಅಂಟಿಸಿದರೆ ಅಲ್ಲಿನ ಅಕ್ಷರದ ಗಾತ್ರ, ಹಿನ್ನೆಲೆ ಬಣ್ಣ ಎಲ್ಲ ಜೊತೆಗೇ ಬರುತ್ತದೆ, ಫೋನಿನಲ್ಲಿ ಒಂದು ಪ್ಯಾರಾ ದೊಡ್ಡದು, ಒಂದು ಸಣ್ಣದು ಕಾಣುತ್ತದೆ. ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ವಿ ಒತ್ತಿ, ಬರೀ ಪಠ್ಯ ಬರುತ್ತದೆ. ಎರಡನೆಯದು, ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಕೊಡುವ ಕೊಂಡಿಯಲ್ಲಿ ಕನ್ನಡ ಅಕ್ಷರ ಬಿಟ್ಟುಹೋಗಿ 'ಬ್ಲಾಗ್-ಪೋಸ್ಟ್' ಎಂದಷ್ಟೇ ಉಳಿಯುತ್ತದೆ, ಮುಂದಿನವಕ್ಕೆಲ್ಲ ಅದರ ಬಾಲಕ್ಕೆ ಅಂಕಿ. ಪ್ರಕಟಿಸುವ ಮೊದಲು ಬಲಬದಿಯ ಪರ್ಮಾಲಿಂಕ್‌ನಲ್ಲಿ 'ಮಾಗಡಿ-ಕೆರೆ-1' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆಯಿರಿ. ಪ್ರಕಟವಾದ ಮೇಲೆ ಬದಲಿಸಬೇಕೆಂದರೆ ಮತ್ತೆ ಡ್ರಾಫ್ಟ್‌ಗೆ ತರಬೇಕು, ಅಷ್ಟರಲ್ಲಿ ಯಾರಿಗಾದರೂ ಕಳಿಸಿದ ಹಳೆಯ ಕೊಂಡಿ ಕೆಲಸಕ್ಕೆ ಬರುವುದಿಲ್ಲ.

ಕಗಪ, ಹಾವೇರಿ

ನುಡಿ ವಿಚಾರ ನಾನು ಹೇಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಸ್ವಂತ ಸಂಕೇತ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಒಳಗಿದ್ದ ಆ ಅಕ್ಷರಗಳೇ ಹೊರಗೆ ಕಾಣುತ್ತವೆ, ನೀವು ಕಲಸುಮೇಲೋಗರ ಅಂದದ್ದು ಅದನ್ನೇ. ಫೈಲ್ ಕೆಟ್ಟಿಲ್ಲ, ಅಳಿಸಬೇಡಿ. ಯೂನಿಕೋಡ್‌ಗೆ (ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ಇರುವ, ಎಲ್ಲ ಕಡೆ ಓದಬಹುದಾದ ಪದ್ಧತಿಗೆ) ಬದಲಿಸುವ ಪರಿವರ್ತಕ ನುಡಿ ತಂತ್ರಾಂಶದ ಜೊತೆಗೇ ಬರುತ್ತದೆ, ಉಚಿತ ಆನ್‌ಲೈನ್ ಪರಿವರ್ತಕಗಳೂ ಇವೆ. ಬದಲಿಸಿದ ಮೇಲೆ ಅರ್ಕಾವತ್ತು ಬರುವ ಪದಗಳನ್ನು ಒಂದೊಂದಾಗಿ ನೋಡಿ: ಕಾರ್ಯ, ವರ್ಷ, ಧರ್ಮ, ಸೂರ್ಯ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ಹಿಂದೆ ಒತ್ತುತ್ತಿದ್ದರು, ಯೂನಿಕೋಡ್‌ನಲ್ಲಿ ರ್ ಮುಂದೆ ಬರಬೇಕು. ಪರಿವರ್ತಕ ತಪ್ಪುವುದು ಹೆಚ್ಚಾಗಿ ಅಲ್ಲೇ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದೇ ತಿಳಿದು ತಿರುಚುತ್ತದೆ, ಆ ಪದ ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಿ.

ಹೊಸ ಬರಹಕ್ಕೆ ಉಬುಂಟುವಿನಲ್ಲೇ ಎಲ್ಲ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ (ಹಳೆಯ ಆವೃತ್ತಿಯಾದರೆ ರೀಜನ್ ಅಂಡ್ ಲ್ಯಾಂಗ್ವೇಜ್), ಅಲ್ಲಿ ಇನ್‌ಪುಟ್ ಸೋರ್ಸಸ್, ಪ್ಲಸ್ ಗುರುತು, ಕನ್ನಡ. ಪಟ್ಟಿಯಲ್ಲಿ ಕೆಜಿಪಿ ಅಥವಾ ಕಗಪ (ನುಡಿಯ ಕೀಲಿಮಣೆ ವಿನ್ಯಾಸ) ಹೆಸರಿನದು ಕಂಡರೆ ಅದನ್ನೇ ಆರಿಸಿ, ನುಡಿ ಕಲಿತ ಕೈಗೆ ಅದು ಹೊಂದುತ್ತದೆ. ಕಾಣದಿದ್ದರೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಲಾಗ್‌ಔಟ್ ಆಗದೆ ಹುಡುಕಿ, ಬಂದಿಲ್ಲ ಅಂತ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರೇ ಬಹಳ. ಭಾಷೆ ಬದಲಿಸಲು ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್.

ಮಕ್ಕಳಿಗೆ ಮೊದಲ ದಿನ ಕಲಿಸಬೇಕಾದದ್ದು ಒಂದೇ: ಎಫ್ ಕೀ ಅಂದರೆ ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು). ಕೆ, ಎಫ್, ಕೆ ಒತ್ತಿದರೆ ಕ್ಕ. ಇದು ಕೈಗೆ ಕೂತರೆ ಒತ್ತಕ್ಷರ ಎಲ್ಲ ತಾನೇ ಬರುತ್ತದೆ. ವರ್ಣಮಾಲೆಯಿಂದ ಶುರು ಮಾಡಬೇಡಿ, ಬೇಸರ ಹಿಡಿಯುತ್ತದೆ. ಅವರವರ ಹೆಸರು, ಊರ ಹೆಸರು ಟೈಪ್ ಮಾಡಿಸಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ: ಲಕ್ಷ್ಮೇಶ್ವರ ತಪ್ಪಿಲ್ಲದೆ ಹೊಡೆದ ಹುಡುಗಿಗೆ ಮುಂದೆ ಯಾವ ಪದವೂ ಕಷ್ಟವಾಗದು.

ಫೋನಿನ ಧ್ವನಿ ಟೈಪಿಂಗ್ ಬಗ್ಗೆ ಕೇಳುವವರಿದ್ದಾರೆ. ಗ್ರಾಂಥಿಕ ಕನ್ನಡದಲ್ಲಿ ನಿಧಾನವಾಗಿ ಓದಿದರೆ ಪರವಾಗಿಲ್ಲ. 'ಹೊಂಟೇವಿ', 'ಮಾಡಾಕತ್ತಾನ' ಅಂದರೆ ಅದು ಏನೇನೋ ಬರೆಯುತ್ತದೆ, ಪೂರ್ಣವಿರಾಮ, ಪ್ರಶ್ನಾರ್ಥಕ ನೀವೇ ಹಾಕಬೇಕು. ಅಜ್ಜ-ಅಜ್ಜಿಯರ ಮಾತು ಸಂಗ್ರಹಿಸುವಾಗ ಧ್ವನಿಮುದ್ರಣ ಮಾಡಿಕೊಂಡು ಕೈಯಲ್ಲೇ ಬರೆದುಕೊಳ್ಳುವುದು ಮೇಲು, ಅವರ ಮಾತಿನ ರೂಪ ಹಾಗೇ ಉಳಿಯುತ್ತದೆ.

ಉಣಕಲ್ ಕೆರೆ ದಂಡಿ

ಎಲ್ಲಾ ಸರಿ, ಆದ್ರ ಇಂಟರ್ನೆಟ್ ಮ್ಯಾಲೆ ಹಾಕಲೇಬೇಕಂತ ಯಾರು ಹೇಳ್ಯಾರ? ಮೊದಲ ವರ್ಷ ಶಾಲಿಯೊಳಗ ನಡಿಯೋ ಬ್ಲಾಗ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಒಂದು ಲ್ಯಾಪ್‌ಟಾಪಿಗೆ ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ (ಲ್ಯಾಪ್‌ಟಾಪನ್ನ ಸರ್ವರ್, ಅಂದ್ರ ಉಳಿದವಕ್ಕ ಪುಟ ಕಳಿಸೋ ಯಂತ್ರ, ಮಾಡೋ ತಂತ್ರಾಂಶ), ವರ್ಡ್‌ಪ್ರೆಸ್ (ಬ್ಲಾಗ್ ತಂತ್ರಾಂಶ) ಹಾಕ್ರಿ. ಯಾರ ಮನ್ಯಾಗರ ಬಳಸದ ಹಳೇ ವೈಫೈ ರೂಟರ್ ಬಿದ್ದಿರತೈತಿ, ಸಿಮ್ ಬ್ಯಾಡ, ಕೇಬಲ್ ಬ್ಯಾಡ, ಅದನ್ನ ಚಾಲೂ ಮಾಡಿದ್ರ ಉಳಿದ 7 ಲ್ಯಾಪ್‌ಟಾಪ್ ಅದಕ್ಕ ಕೂಡತಾವ. ಇನ್‌ಸ್ಟಾಲ್ ಮಾಡೋವಾಗ ಒಮ್ಮೆ ಮಾತ್ರ ನೆಟ್ ಬೇಕು. ಮಕ್ಕಳಿಗೆ ಬ್ಯಾರೆ ಬ್ಯಾರೆ ಲಾಗಿನ್ ಕೊಡಬಹುದು, ಇಮೇಲ್ ಖರೇದ್ದು ಇರಬೇಕಂತಿಲ್ಲ. ಅವರ ದರ್ಜೆ 'ಕಾಂಟ್ರಿಬ್ಯೂಟರ್' ಇಟ್ರ ಬರಿಯೋದಕ್ಕ ಬರತೈತಿ, ಪ್ರಕಟ ಮಾಡೋದಕ್ಕ ಬರಂಗಿಲ್ಲ. ಅದು ಅಕ್ಕಾರ ಕೈಯಾಗ.

ಕೆಡೋದು ಎಲ್ಲಿ ಅಂದ್ರ: ವರ್ಡ್‌ಪ್ರೆಸ್ ತನ್ನ ವಿಳಾಸನ ಡೇಟಾಬೇಸಿನೊಳಗ ಬರಕೊಂಡಿರತೈತಿ. ಇವತ್ತ ಸರ್ವರ್ ಲ್ಯಾಪ್‌ಟಾಪಿನ ಐಪಿ (ರೂಟರ್ ಕೊಡೋ ಅಂಕಿ ವಿಳಾಸ) 192.168.0.5 ಇದ್ದು, ನಾಳೆ ರೂಟರ್ 192.168.0.7 ಕೊಟ್ರ, ಪುಟ ತೆರಿಯೋದ ಇಲ್ಲ, ಹಳೇ ವಿಳಾಸಕ್ಕ ಓಡತೈತಿ. ರೂಟರಿನ ಡಿಎಚ್‌ಸಿಪಿ ಪುಟದಾಗ 'ಅಡ್ರೆಸ್ ರಿಸರ್ವೇಷನ್' ಹುಡುಕಿ ಆ ಲ್ಯಾಪ್‌ಟಾಪಿಗೆ ಒಂದ ಐಪಿ ಕಾಯಂ ಮಾಡ್ರಿ. ಎರಡನೇದು, ಎಲ್ಲಾ ಲ್ಯಾಪ್‌ಟಾಪ್ ವೈಫೈಗೆ ಕೂಡ್ಯಾವ, ಸರ್ವರ್ ಮಾತ್ರ ಕಾಣವಲ್ದು ಅಂದ್ರ ರೂಟರಿನಾಗ 'ಎಪಿ ಐಸೊಲೇಷನ್' ಚಾಲೂ ಇರತೈತಿ, ಅದನ್ನ ಬಂದ್ ಮಾಡ್ರಿ. ಕರೆಂಟ್ ಹೋದ್ರ ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲೆ ನಡೀತಾವ, ರೂಟರ್ ಸಾಯತೈತಿ. ಸಣ್ಣ ರೂಟರ್ ಯುಪಿಎಸ್ ತಗೊಂಡ್ರ ಆ ಕಾಟ ಇಲ್ಲ. ತಗೊಳ್ಳೋ ಮುಂದ ರೂಟರಿನ ಅಡಾಪ್ಟರ್ ಮ್ಯಾಲೆ 12 ವೋಲ್ಟ್ ಐತೋ 9 ವೋಲ್ಟ್ ಐತೋ ನೋಡ್ಕೊಳ್ರಿ.

ಅದೇ ಸರ್ವರಿಗೆ ಕಿವಿಕ್ಸ್ (ಆಫ್‌ಲೈನ್ ಓದೋ ತಂತ್ರಾಂಶ) ಹಾಕಿ ಕನ್ನಡ ವಿಕಿಪೀಡಿಯಾ ಫೈಲ್ ಇಟ್ರ ನೆಟ್ ಇಲ್ಲದನ ಓದೋದಕ್ಕ ಬರತೈತಿ.

ಬ್ಯಾಡಗಿ ಡಬ್ಬಿ

ಉಣಕಲ್ ಸರ್ ಹೇಳಿದ ವ್ಯವಸ್ಥೆ ಗಟ್ಟಿಯಾಗಿದೆ, ಆದರೆ ಬ್ಲಾಗಿನ ಅರ್ಧ ಲಾಭ ಹೊರಗಿನ ಓದುಗರಿಂದ ಬರುವಂಥದ್ದು. ತರಗತಿಯೊಳಗೇ ಓದುವವರಿದ್ದರೆ ಗೋಡೆಪತ್ರಿಕೆಯೇ ಸಾಕಲ್ಲ. ಒಂದು ಉದಾಹರಣೆ ನೋಡಿ. ಮಗು ಬರೆಯುತ್ತದೆ: 'ಮಾಗಡಿ ಕೆರೆ ಬಹಳ ಸುಂದರವಾಗಿದೆ. ಇಲ್ಲಿಗೆ ಅನೇಕ ಪಕ್ಷಿಗಳು ಬರುತ್ತವೆ.' ಊರಿನವರಿಗೆ ಇಷ್ಟು ಸಾಕು, ಕೆರೆ ಕಣ್ಣ ಮುಂದಿದೆ. ಹಾವೇರಿ ಜಿಲ್ಲೆಯ ಮಗು ಓದಿದರೆ ಕೇಳುತ್ತದೆ: ಯಾವ ಹಕ್ಕಿ? ಯಾವ ತಿಂಗಳು? ಹಗಲಿಡೀ ನೀರಲ್ಲಿದ್ದರೆ ತಿನ್ನುವುದು ಯಾವಾಗ? ಆಗ ಎರಡನೇ ಕರಡಿನಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತದೆ, ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಬರುತ್ತದೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದದ್ದು, ಹೊಲಕ್ಕೆ ಮೇಯಲು ಹೋಗುವುದು, ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಎಲ್ಲ ಬರುತ್ತದೆ. ಕೆಂಪು ಪೆನ್ನಿನಲ್ಲಿ 'ವಿವರ ಸಾಲದು' ಎಂದು ಬರೆದರೆ ಇದು ಆಗುವುದಿಲ್ಲ.

ಆದ್ದರಿಂದ ಇನ್ನೊಂದು ಶಾಲೆಯ ಜೊತೆ ಜೋಡಿ ಮಾಡಿಕೊಳ್ಳಿ. ಬ್ಯಾಡಗಿ ಕಡೆಯ ಮಕ್ಕಳು ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿ ವ್ಯತ್ಯಾಸ ಬರೆಯಲಿ, ಬಣ್ಣ ಇಷ್ಟು ಕೆಂಪಿದ್ದೂ ಖಾರ ಯಾಕೆ ಕಡಿಮೆ ಎಂದು ನಿಮ್ಮ ಮಕ್ಕಳು ಕೇಳಲಿ. ಪ್ರತಿಕ್ರಿಯೆ ಬರೆಯುವುದನ್ನೂ ಕಲಿಸಬೇಕು, ಬಿಟ್ಟರೆ ಎಲ್ಲರೂ 'ಸೂಪರ್', 'ಭಾರಿ ಐತಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮೂರು ವಾಕ್ಯದ ನಿಯಮ ಇಡಿ: ಓದಿ ಹೊಸದಾಗಿ ತಿಳಿದದ್ದು ಒಂದು, ಅರ್ಥವಾಗದ್ದು ಒಂದು, ಕೇಳಬೇಕೆನಿಸಿದ್ದು ಒಂದು. ಮೊದಲು ಚೀಟಿಯಲ್ಲಿ, ಚೆನ್ನಾಗಿದ್ದರೆ ಬ್ಲಾಗಿಗೆ. ಬ್ಲಾಗರ್‌ನಲ್ಲಿ ಕಾಮೆಂಟ್ ಮಾಡರೇಷನ್ 'ಆಲ್ವೇಸ್' ಇರಲಿ, ನೀವು ಒಪ್ಪುವವರೆಗೆ ಯಾವುದೂ ಹೊರಗೆ ಕಾಣುವುದಿಲ್ಲ.

ಎಚ್.ಎಂ. ಸರ್ ಅಂಜಿಕೆಯ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಪಾಲಕರ ಸಭೆಯಲ್ಲಿ ಬ್ಲಾಗನ್ನು ಪ್ರೊಜೆಕ್ಟರ್ ಮೇಲೆ ತೋರಿಸಿ, ಕನ್ನಡದಲ್ಲೇ ಚೀಟಿ ಕೊಡಿ. ಬರಹ ಪ್ರಕಟಿಸಲು ಒಪ್ಪಿಗೆ ಬೇರೆ, ಫೋಟೋಗೆ ಬೇರೆ, ಎರಡು ಚೌಕ. ಒಂದೇ ಚೌಕ ಇಟ್ಟರೆ ಫೋಟೋ ಬೇಡವೆನ್ನುವವರು ಬರಹಕ್ಕೂ ಬೇಡವೆನ್ನುತ್ತಾರೆ. ಯಾವಾಗ ಬೇಕಾದರೂ ತೆಗೆಸಬಹುದು ಎಂಬ ಸಾಲು ಇರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲಿ ಒಂದು ಠರಾವು ಬರೆಸಿಬಿಟ್ಟರೆ ಎಚ್.ಎಂ. ಸರ್ ನಿಶ್ಚಿಂತರು.

ಹೆಸರಿನ ಬದಲು ಕಾವ್ಯನಾಮ ಇಟ್ಟುಕೊಳ್ಳಲಿ. ಧಾರವಾಡದ ಸೀಮೆಗೆ ಅದೇನು ಹೊಸದೇ? ಯಾವ ಕಾವ್ಯನಾಮ ಯಾರದೆಂಬ ಪಟ್ಟಿ ಶಾಲೆಯ ಕಪಾಟಿನಲ್ಲಿರಲಿ, ಡ್ರೈವ್‌ನಲ್ಲಿ ಬೇಡ. ಮುಖ ಕಾಣುವ ಫೋಟೋಗಿಂತ ಕೈ, ಕೆಲಸ, ಹೊಲ, ಹಕ್ಕಿಯ ಫೋಟೋ ಹಾಕಿ. ಬ್ಲಾಗನ್ನು ಆಯ್ದ ಓದುಗರಿಗೆ ಮಾತ್ರ ಮಾಡಿದರಾಯಿತು ಎಂದು ಕೆಲವರು ಹೇಳುತ್ತಾರೆ, ಅದು ನಮ್ಮ ಕಡೆಗೆ ಒಗ್ಗದು: ಓದುವ ಪ್ರತಿಯೊಬ್ಬರೂ ಗೂಗಲ್ ಲಾಗಿನ್ ಆಗಬೇಕು, ಒಟ್ಟು ಸದಸ್ಯರ ಮಿತಿಯೂ 100. ಎಲ್ಲರಿಗೂ ತೆರೆದಿಟ್ಟು, 'ವಿಸಿಬಲ್ ಟು ಸರ್ಚ್ ಇಂಜಿನ್ಸ್' ಅನ್ನು ಬಂದ್ ಮಾಡಿ, ಕೊಂಡಿಯನ್ನು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ.

ಇನ್ನೊಂದು. ವಿಕಿಪೀಡಿಯಾದಿಂದ ಎತ್ತಿ ಅಂಟಿಸಿದ ಪ್ಯಾರಾ ಬಂದೇ ಬರುತ್ತದೆ. 'ಇದನ್ನು ಯಾರನ್ನು ಕೇಳಿ ಬರೆದೆ, ಎಲ್ಲಿ ನೋಡಿದೆ' ಎಂಬ ಎರಡು ಸಾಲನ್ನು ಪ್ರತಿ ಕರಡಿನ ಕೆಳಗೆ ಕಡ್ಡಾಯ ಮಾಡಿ, ತಾನೇ ಕಡಿಮೆಯಾಗುತ್ತದೆ. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಹಾಕುವಂತಿಲ್ಲ, ವಿಕಿಮೀಡಿಯಾ ಕಾಮನ್ಸ್‌ನದಾದರೆ ತೆಗೆದವರ ಹೆಸರು, ಪರವಾನಗಿ ಬರೆದು ಹಾಕಬಹುದು.

ಶಿರಹಟ್ಟಿ ಅಕ್ಕಾರ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಎರಡು ಚೌಕದ ಚೀಟಿ, ಕಾವ್ಯನಾಮ, ಎರಡೂ ಎಚ್.ಎಂ. ಸರ್ ಒಪ್ಪಿದ್ರು. ಇನ್ನ ಉಳಿದದ್ದು ಎರಡು. ಫೋನಿನಾಗ ತೆಗೆದ ಫೋಟೋ ಒಂದೊಂದು 4 ಎಂಬಿ, ಹಾಟ್‌ಸ್ಪಾಟ್ ಮ್ಯಾಲೆ ಹೆಂಗ ಏರಿಸೋದು? ಮತ್ತ ನಂದು ವರ್ಗಾವಣೆ ಆದ್ರ ಬ್ಲಾಗಿನ ಗತಿ ಏನ್ರಿ?

ಲ್ಯಾಬ್ ಕೀಲಿ, ಧಾರವಾಡ

ಫೋಟೋ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಬ್ಲಾಗಿಗೆ ಧಾರಾಳ, 4 ಎಂಬಿ ಇದ್ದದ್ದು ಸುಮಾರು 200–300 ಕೆಬಿಗೆ ಬರುತ್ತದೆ. ಉಬುಂಟುವಿನಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಂತ್ರಾಂಶ ಇದ್ದರೆ ಅದರ ಮೊಗ್ರಿಫೈ ಆದೇಶದಿಂದ ಇಡೀ ಫೋಲ್ಡರ್ ಒಂದೇ ಏಟಿಗೆ ಆಗುತ್ತದೆ. ಅದು ಮೂಲ ಫೋಟೋ ಮೇಲೆಯೇ ಬರೆಯುತ್ತದೆ, ಆದ್ದರಿಂದ ಮೊದಲು ನಕಲು ಫೋಲ್ಡರ್ ಮಾಡಿಕೊಳ್ಳಿ. ಆಯ್ಕೆಗಳ ಕ್ರಮ ಮುಖ್ಯ: ಮೊದಲು ಆಟೋ-ಓರಿಯೆಂಟ್ (ಫೋಟೋ ನೆಟ್ಟಗೆ ಮಾಡುವುದು), ಆಮೇಲೆ ರೀಸೈಜ್, ಕೊನೆಗೆ ಸ್ಟ್ರಿಪ್ (ಫೋಟೋ ಒಳಗಿನ ಮಾಹಿತಿ ಅಳಿಸುವುದು). ಸ್ಟ್ರಿಪ್ ಯಾಕೆಂದರೆ ಫೋಟೋ ಒಳಗೆ ತೆಗೆದ ಜಾಗದ ಜಿಪಿಎಸ್ ಗುರುತು ಇರಬಹುದು, ಮಗುವಿನ ಮನೆಯಂಗಳದಲ್ಲಿ ತೆಗೆದದ್ದಾದರೆ ಮನೆ ವಿಳಾಸ ಕೊಟ್ಟಂತೆಯೇ. ಫೋಟೋ ಅಡ್ಡವೋ ನೆಟ್ಟಗೋ ಎಂಬ ಗುರುತೂ ಅಲ್ಲೇ ಇರುವುದರಿಂದ, ಆಟೋ-ಓರಿಯೆಂಟ್ ಮಾಡದೆ ಸ್ಟ್ರಿಪ್ ಮಾಡಿದರೆ ನೆಟ್ಟಗಿದ್ದ ಫೋಟೋ ಮಗ್ಗುಲಾಗಿ ಮಲಗುತ್ತದೆ. ಇಷ್ಟೆಲ್ಲ ಬೇಡವೆಂದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ನಂಬರಿಗೇ ಫೋಟೋ ಎಂದು ಕಳಿಸಿಕೊಳ್ಳಿ, ಗಾತ್ರವೂ ಇಳಿಯುತ್ತದೆ, ಜಾಗದ ಗುರುತೂ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಎರಡೂ ಹಾಗೇ ಉಳಿಯುತ್ತವೆ.

ಹಾಟ್‌ಸ್ಪಾಟ್‌ಗೆ ಕೂಡಿಸಿದ ಕೂಡಲೇ ಉಬುಂಟು ತನ್ನ ಅಪ್‌ಡೇಟ್ ಇಳಿಸಲು ಶುರು ಮಾಡಿ ದಿನದ ಡೇಟಾ ನುಂಗಿಬಿಡುವುದುಂಟು. ಆ ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ 'ಮೀಟರ್ಡ್ ಕನೆಕ್ಷನ್' ಗುರುತು ಹಾಕಿ.

ವರ್ಗಾವಣೆಗೆ ಈಗಲೇ ವ್ಯವಸ್ಥೆ ಮಾಡಿಡಿ, ರಿಲೀವ್ ಆಗುವ ದಿನದ ಗಡಿಬಿಡಿಯಲ್ಲಿ ಆಗುವ ಕೆಲಸ ಅಲ್ಲ. ಸೆಟ್ಟಿಂಗ್ಸ್‌ನ ಪರ್ಮಿಷನ್ಸ್‌ನಲ್ಲಿ ಇನ್ನೊಬ್ಬ ಶಿಕ್ಷಕರನ್ನು ಆಹ್ವಾನಿಸಿ. ಅವರು ಮೇಲ್ ತೆರೆದು ಒಪ್ಪಿಕೊಂಡ ಮೇಲೆ ಬರೀ ಲೇಖಕರಾಗಿ ಸೇರುತ್ತಾರೆ, ಅಷ್ಟಕ್ಕೇ ಬಿಟ್ಟರೆ ಸೆಟ್ಟಿಂಗ್ಸ್ ಮುಟ್ಟಲು ಅವರಿಗೆ ಬರುವುದಿಲ್ಲ. ನೀವು ಮತ್ತೆ ಅಲ್ಲಿಗೆ ಹೋಗಿ 'ಅಡ್ಮಿನ್' ಮಾಡಬೇಕು. ಶಾಲೆಯ ಖಾತೆಯ ರಿಕವರಿ ನಂಬರ್ ನಿಮ್ಮದಿದ್ದರೆ ಅದನ್ನೂ ಬದಲಿಸಿ. ಎರಡು ವರ್ಷ ಯಾರೂ ಲಾಗಿನ್ ಆಗದ ಖಾತೆಯನ್ನು ಗೂಗಲ್ ಅಳಿಸಬಹುದು, ಹೊಸಬರಿಗೆ ಆಸಕ್ತಿ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಯಾರಾದರೂ ಲಾಗಿನ್ ಆಗಲಿ. ಪ್ರತಿ ಮಾರ್ಚ್‌ನಲ್ಲಿ 'ಬ್ಯಾಕಪ್ ಕಂಟೆಂಟ್' ಒತ್ತಿ ಫೈಲ್ ಇಳಿಸಿಕೊಳ್ಳಿ. ಅದರಲ್ಲಿ ಬರಹ, ಪ್ರತಿಕ್ರಿಯೆ ಇರುತ್ತವೆ, ಫೋಟೋಗಳ ಕೊಂಡಿ ಮಾತ್ರ ಇರುತ್ತದೆ. ಹಾಗಾಗಿ 1200 ಪಿಕ್ಸೆಲ್‌ಗೆ ಇಳಿಸಿದ ಫೋಟೋ ಫೋಲ್ಡರನ್ನೂ ಅದೇ ಪೆನ್‌ಡ್ರೈವ್‌ಗೆ ಹಾಕಿ, ಮೇಲೆ ವರ್ಷ ಬರೆದು ಎಚ್.ಎಂ. ಸರ್ ಕಪಾಟಿಗೆ ಒಪ್ಪಿಸಿಬಿಡಿ.